ಮೂರನೇ ನಂಬರ್ ಲೇತ್

ಹೋದ ತಿಂಗಳು ನಮ್ಮ ಆಫೀಸಿನ ಹುಡುಗಿಯರು ಕಾಫಿಗೆಂದು ನನ್ನನ್ನು ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ತೆರೆದಿರುವ ಒಂದು ಹೊಸ ಕೆಫೆಗೆ ಎಳೆದುಕೊಂಡು ಹೋದರು. ಬಾಗಿಲಲ್ಲೇ ಒಂದು ಹಳೆಯ ಲೇತ್ ನಿಲ್ಲಿಸಿದ್ದಾರೆ. ಮೈಗೆಲ್ಲ ಕಪ್ಪು ಬಣ್ಣ, ಹಿಡಿಗಳಿಗೆ ಚಿನ್ನದ ಬಣ್ಣ, ಮೇಲೆ ಎರಡು ಹೂಕುಂಡ. ಬಂದವರೆಲ್ಲ ಅದರ ಚಕ್ರದ ಮೇಲೆ ಕೈಯಿಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. "ಮ್ಯಾಮ್, ನೀವೂ ನಿಂತ್ಕೊಳ್ಳಿ, ಸೂಪರಾಗಿದೆ" ಅಂದಳು ಒಬ್ಬಳು. ಆಗಷ್ಟೇ ಮಳೆ ಸುರಿದು ನಿಂತಿತ್ತು. ಎಷ್ಟು ಬಣ್ಣ ಹೊಡೆದರೇನು, ಎರಕದ ಕಬ್ಬಿಣ ಒದ್ದೆಯಾದರೆ ತನ್ನ ವಾಸನೆ ಬೀರಿಯೇ ಬೀರುತ್ತದೆ. ಮೆಷಿನ್ ತಣಿಸಲು ಸುರಿಯುವ ಕೂಲೆಂಟ್ ಹಳಸಿದ್ದು, ಸುಟ್ಟ ಎಣ್ಣೆ, ತುಕ್ಕು. "ನನಗೆ ಬೇಡ" ಅಂದೆ. ಸ್ವಲ್ಪ ಒರಟಾಗಿಯೇ ಅಂದಿರಬೇಕು, ಆಮೇಲೆ ಕಾಫಿ ಮುಗಿಯುವವರೆಗೆ ಯಾರೂ ನನ್ನ ಜೊತೆ ಸಲೀಸಾಗಿ ಮಾತಾಡಲಿಲ್ಲ.

ಆ ವಾಸನೆಯ ಮೇಲೆ ನನಗೆ ಯಾವ ಪ್ರೀತಿಯೂ ಇಲ್ಲ. ಹಳೆಯದನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳಬೇಕೆನ್ನುವವರು ಇದನ್ನು ಇಲ್ಲಿಗೇ ಬಿಡಬಹುದು. ಆ ಕೆಫೆಯಿಂದ ಎರಡು ಅಡ್ಡರಸ್ತೆ ಆಚೆ ಒಂದು ವರ್ಕ್‌ಶಾಪಿತ್ತು. ಡಿಗ್ರಿ ಮುಗಿಸಿದ ವರ್ಷ, ಮುಂಗಾರು ಹಿಡಿದ ವಾರ ಅಲ್ಲಿಗೆ ಸೇರಿದೆ. ಆಯುಧಪೂಜೆಯ ಹೊತ್ತಿಗೆ ಅಲ್ಲಿನವರ ಬಗ್ಗೆ ಏನು ತಿಳಿಯಬೇಕೋ ಅಷ್ಟೂ ತಿಳಿದಿತ್ತು. ನನ್ನ ಬಗ್ಗೆಯೂ.

ನಾನು ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು. ಗಂಡಸರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಅಪ್ಪ ಮಾಗಡಿ ರಸ್ತೆಯ ಗ್ರಾನೈಟ್ ಅಂಗಡಿಯಲ್ಲಿ ಕಲ್ಲು ಹೊರುತ್ತಿದ್ದರು, ಅಮ್ಮ ಬಸವೇಶ್ವರನಗರದ ಮೂರು ಮನೆಗಳಲ್ಲಿ ಅಡುಗೆ ಮಾಡುತ್ತಿದ್ದಳು. ಹೇರೋಹಳ್ಳಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ರಸ್ತೆ ಕೆಟ್ಟು ಬಸ್ಸು ಬಾರದ ದಿನ ಮೊಣಕಾಲುದ್ದದ ಕೆಸರಿನಲ್ಲಿ ನಡೆದು ಹೋಗಿ ಬಿ.ಎಸ್ಸಿ. ಫಿಸಿಕ್ಸ್ ಪರೀಕ್ಷೆ ಬರೆದವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪನ ಮನೆಯಿಂದ ಸೈಟು, ಡೊನೇಷನ್ನು ಎಲ್ಲ ಪಡೆದು ಬಂದವರು ವಿನಯವಾಗಿರಲಿ.

ಕೆಲಸ ಸಿಕ್ಕಿದ್ದು ನಂಜುಂಡಯ್ಯನವರ ಲೇತ್ ವರ್ಕ್‌ಶಾಪಿನಲ್ಲಿ, ಇನ್‌ಸ್ಪೆಕ್ಟರ್ ಆಗಿ. ಲೇತಿನಲ್ಲಿ ತಿರುಗಿಸಿ ಕೊರೆದ ಪ್ರತಿ ಕಬ್ಬಿಣದ ಪೀಸನ್ನು ಮೈಕ್ರೋಮೀಟರ್ ಹಿಡಿದು ಅಳೆಯುವುದು, ಸರಿಯಿದ್ದರೆ ಹಸಿರು ಬಣ್ಣ, ಇಲ್ಲದಿದ್ದರೆ ಕೆಂಪು ಬಣ್ಣ ಹಚ್ಚುವುದು, ದಿನದ ಕೊನೆಗೆ ಒಂದು ಹಾಳೆ ಬರೆದು ಸಹಿ ಹಾಕುವುದು. ಪೀಸು ಕೊಳ್ಳುವ ದೊಡ್ಡ ಕಂಪನಿಯವರು ಇನ್‌ಸ್ಪೆಕ್ಷನ್ನಿಗೆ ಪದವೀಧರರೇ ಇರಬೇಕೆಂದು ಷರತ್ತು ಹಾಕಿದ್ದರು. ಗಂಡು ಪದವೀಧರ ಆ ಸಂಬಳಕ್ಕೆ ಬರಲಿಲ್ಲ. ಹಾಗಾಗಿ ನಾನು. ದೊಡ್ಡಪ್ಪ ಸುದ್ದಿ ಕೇಳಿ, "ಓದಿಸಿ ಓದಿಸಿ ಕೊನೆಗೆ ಕಬ್ಬಿಣದ ಅಂಗಡಿಗೆ ಕಳಿಸ್ದ. ಬ್ಯಾಂಕೋ ಸ್ಕೂಲೋ ಆಗಿದ್ರೆ ಗಂಡಿನ ಕಡೆಯೋರಿಗೆ ಹೇಳೋಕಾದ್ರೂ ಚೆನ್ನಾಗಿರೋದು" ಅಂದರು. ಅವರ ಮಗ ಎರಡು ಸಲ ಪಿಯುಸಿ ಡುಮ್ಕಿ ಹೊಡೆದು ಮನೆಯಲ್ಲಿ ಮಲಗಿದ್ದ. ಅವನ ಬಗ್ಗೆ ಯಾವ ಕಡೆಯವರಿಗೂ ಏನೂ ಹೇಳಬೇಕಾಗಿರಲಿಲ್ಲ.

ತಗಡಿನ ಮಾಡು, ಸಾಲಾಗಿ ಏಳು ಲೇತ್, ಏಳು ಗಂಡಸರು. ಹಿಂದಿನ ಗೋಡೆಗೆ ಒತ್ತಿಕೊಂಡು, ಕಕ್ಕಸಿನ ಬಾಗಿಲ ಪಕ್ಕ ಒಂದು ಮರದ ಟೇಬಲ್ಲು. ಅದಕ್ಕೆ ಹೆಂಗಸರ ಟೇಬಲ್ಲು ಅಂತಲೇ ಹೆಸರು. ಲೇತಿನಿಂದ ಇಳಿದ ಪೀಸಿನ ಅಂಚಿನಲ್ಲಿ ಬ್ಲೇಡಿನಂಥ ಸಣ್ಣ ಸಿಬಿರು ಉಳಿದಿರುತ್ತದೆ, ಅದನ್ನು ಬರ್ ಅನ್ನುತ್ತಾರೆ. ಅದನ್ನು ಅರದಿಂದ ಉಜ್ಜಿ ತೆಗೆಯುವುದು, ಪೀಸು ಒರೆಸಿ ಎಣ್ಣೆ ಹಚ್ಚಿ ಪೇಪರಿನಲ್ಲಿ ಸುತ್ತುವುದು ಹೆಂಗಸರ ಕೆಲಸ. ಲೇತ್ ಮೇಲೆ ನಿಲ್ಲುವುದು ಗಂಡಸರ ಕೆಲಸ. ಹೀಗೆಂದು ಎಲ್ಲೂ ಬರೆದಿರಲಿಲ್ಲ, ಬರೆಯುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ನನ್ನ ಅಳತೆಯ ಸ್ಟೂಲನ್ನೂ ಅದೇ ಟೇಬಲ್ಲಿನ ತುದಿಗೆ ಹಾಕಿದರು.

ಫೋರ್‌ಮನ್ ರುದ್ರೇಶಣ್ಣ. ಐವತ್ತರ ಹತ್ತಿರದ ಮನುಷ್ಯ, ಹಣೆಯಲ್ಲಿ ಯಾವಾಗಲೂ ವಿಭೂತಿ, ಬಾಯಲ್ಲಿ ಯಾವಾಗಲೂ ಎಲೆಯಡಿಕೆ. ಮೊದಲ ವಾರವೇ ಅವನ ಲೇತಿನ ಮೂವತ್ತು ಪೀಸಿಗೆ ನಾನು ಕೆಂಪು ಹಚ್ಚಿದೆ.

"ಮೇಡಂ, ಯಾವ ಕಾಲೇಜು ನಿಮ್ದು?"

ಹೇಳಿದೆ.

"ಅಲ್ಲಿ ಗೇಜ್ ಹಿಡಿಯೋದ್ ಕಲ್ಸಿದ್ರಾ, ಇಲ್ಲ ಬರೀ ರಂಗೋಲಿನಾ?"

ಗಂಡಸರ ಸಾಲು ಪೂರ್ತಿ ನಕ್ಕಿತು. ನಾನು ಮೈಕ್ರೋಮೀಟರನ್ನು ಅವನ ಮುಂದೆ ಚಾಚಿದೆ. "ತಗೊಳ್ಳಿ, ನೀವೇ ಅಳೀರಿ. ಎಲ್ಲರಿಗೂ ಕೇಳೋ ಹಾಗೆ ಓದಿ" ಅಂದೆ. ತೆಗೆದುಕೊಳ್ಳಲಿಲ್ಲ. ಎಲೆಯಡಿಕೆಯ ಉಗುಳನ್ನು ಡ್ರಮ್ಮಿಗೆ ಉಗಿದು ಹೋದ. ಅಂದಿನಿಂದ ನಾನು 'ಡಿಗ್ರಿ'. "ಏ, ಡಿಗ್ರಿ ಬಂತು ಕಣ್ರೋ, ಹುಷಾರು." "ಡಿಗ್ರಿಗೆ ಟೀ ಬೇಕಾ ಕೇಳ್ರೋ." ನನ್ನ ಸ್ಟೂಲಿನ ಮೇಲೆ ಒಂದು ದಿನ ಎಣ್ಣೆ ಸುರಿದಿರುತ್ತಿತ್ತು, ಇನ್ನೊಂದು ದಿನ ಕಕ್ಕಸಿನ ಕೀ ಕಾಣೆಯಾಗಿರುತ್ತಿತ್ತು. ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ದೊಡ್ಡಪ್ಪ ಗೆಲ್ಲುತ್ತಿದ್ದರು.

ಆ ಟೇಬಲ್ಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ಗಂಗಕ್ಕ. ನಲವತ್ತೈದು ದಾಟಿದ ಹೆಂಗಸು, ಕಾಮಾಕ್ಷಿಪಾಳ್ಯದಿಂದ ನಡೆದೇ ಬರುತ್ತಿದ್ದರು. ಮಾತು ಕಡಿಮೆ. ನಾನು ಸೇರಿ ಹದಿನೈದು ದಿನವಾಗಿರಬೇಕು, ಒಂದು ಮಧ್ಯಾಹ್ನ ನಾನಿನ್ನೂ ಅಳೆಯದ ರಾಶಿಯಿಂದ ಅವರು ನಾಲ್ಕು ಪೀಸನ್ನು ಎತ್ತಿ ಪಕ್ಕಕ್ಕಿಟ್ಟರು. ಅಳೆದು ನೋಡಿದೆ, ನಾಲ್ಕೂ ಕೆಟ್ಟಿದ್ದವು.

"ನಿಮಗೆ ಹೇಗೆ ಗೊತ್ತಾಯ್ತು ಗಂಗಕ್ಕ?"

"ಐದನೇ ಲೇತಲ್ಲಿ ಟೂಲ್ ಮೂತಿ ಸವೆದೈತೆ. ಆಗ್ಲಿಂದ ಕಿರ್ ಅಂತೈತಲ್ಲ, ಕೇಳಿಸ್ತಿಲ್ವಾ?" ಅಂದರು. ತಲೆ ಎತ್ತಲಿಲ್ಲ. "ಆ ಸದ್ದು ಬಂದ್ಮೇಲೆ ಇಳಿದಿರೋದು ಇವು ನಾಲ್ಕು."

ಬರ್ ತೆಗೆಯುವ ಹೆಂಗಸಿಗೆ ಕಬ್ಬಿಣ ಕೊರೆಯುವ ಟೂಲಿನ ಸದ್ದು ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ. ನನಗೆ ಕೇಳಿಸದ ಸದ್ದೊಂದು ಅವರಿಗೆ ಕೇಳಿಸಿತಲ್ಲ ಎಂದು ಒಳಗೊಳಗೇ ಉರಿದುಕೊಂಡೆ. ನನ್ನ ಹತ್ತಿರ ಡಿಗ್ರಿಯಿತ್ತು.

ಆಷಾಢದ ಕೊನೆಯ ವಾರ ಮೂರನೇ ನಂಬರ್ ಲೇತಿನ ಟರ್ನರ್ ಕೆಲಸ ಬಿಟ್ಟು ಬೈಕಿನಲ್ಲಿ ಊಟ ಹಂಚುವ ಕೆಲಸಕ್ಕೆ ಹೋದ. ಆರ್ಡರಿನ ಬುಷ್‌ಗಳು, ಅಂದರೆ ದಪ್ಪ ಬಳೆಯಂಥ ಟೊಳ್ಳು ಪೀಸುಗಳು, ಅರ್ಧಕ್ಕೆ ನಿಂತವು. ಅವುಗಳ ಒಳಕೊರೆತ ಸೂಕ್ಷ್ಮದ್ದು. ರುದ್ರೇಶಣ್ಣ ಎರಡು ದಿನ ಕೈಯಾಡಿಸಿ ನೋಡಿದ, ಎರಡೂ ದಿನ ಕೆಂಪು ಹಚ್ಚಿದೆ. ಮೂರನೇ ದಿನ ಓನರ್ ನಂಜುಂಡಯ್ಯನವರು ನಮ್ಮ ಟೇಬಲ್ಲಿಗೆ ಬಂದು, ಚಾವಣಿ ಸೋರುವುದನ್ನು ನೋಡುವವರ ಹಾಗೆ ಮೇಲೆ ನೋಡುತ್ತಾ, "ಗಂಗಮ್ಮ, ಸ್ವಲ್ಪ ದಿವ್ಸ ಮೂರನೇದ್ ನೋಡ್ಕೊಳ್ತೀಯಾ?" ಅಂದರು. ಗಂಗಕ್ಕ ಕೈಯಲ್ಲಿದ್ದ ಅರವನ್ನು ಕೆಳಗಿಟ್ಟು, ಸೆರಗನ್ನು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು. ಅಷ್ಟೇ.

ಮೂರನೆಯದು ಮೂಲೆಯಲ್ಲಿತ್ತು. ಅದರ ಸುತ್ತ ನೀಲಿ ಟಾರ್ಪಾಲು ಕಟ್ಟಿದರು, ಮಳೆ ಸೋರುತ್ತದೆ ಎಂದು ನೆಪ. ಗೇಟಿನಲ್ಲಿ ಯಾರದಾದರೂ ಗಾಡಿ ನಿಂತ ಸದ್ದಾದರೆ ಗಂಗಕ್ಕ ಮೆಷಿನ್ ಆಫ್ ಮಾಡಿ ಟೇಬಲ್ಲಿಗೆ ಬಂದು ಕೂರಬೇಕು. ಆ ದಿನ ಇಳಿದ ಬುಷ್‌ಗಳನ್ನು ಒಂದೊಂದಾಗಿ ಅಳೆದೆ. ಒಂದಕ್ಕೂ ಕೆಂಪು ಹಚ್ಚಲಾಗಲಿಲ್ಲ. ಹಚ್ಚಬೇಕೆಂಬ ಆಸೆಯಿಂದ ಎರಡೆರಡು ಸಲ ಅಳೆದೆ, ಸುಳ್ಳು ಯಾಕೆ ಹೇಳಲಿ.

ವಿಷಯ ಬಿಡಿಸಿ ಹೇಳಿದವನು ರುದ್ರೇಶಣ್ಣ. ನಗುತ್ತಲೇ ಹೇಳಿದ. ಓನರ್ ಕೋಣೆಯಲ್ಲಿ ಹಾರ ಹಾಕಿದ ಒಂದು ಫೋಟೊ ಇತ್ತು. ಸಿದ್ದಣ್ಣ, ಆ ಬೀದಿಗೇ ದೊಡ್ಡ ಟರ್ನರ್ ಎಂದು ಹೆಸರು ಮಾಡಿದವರು. ಗಂಗಕ್ಕನ ಗಂಡ.

"ಸಿದ್ದಣ್ಣಂಗೆ ಶುಗರ್ ಏರಿ ಏರಿ ಕಣ್ಣು ಹೋಯ್ತು ಮೇಡಂ. ಹೇಳಿದ್ರೆ ಕೆಲ್ಸ ಹೋಯ್ತದೆ ಅಂತ ಹೇಳ್ಲಿಲ್ಲ. ಈವಮ್ಮ ಊಟ ತರ್ತೀನಿ ಅಂತ ಬರೋಳು, ಬಂದೋಳು ಸಂಜೆಗಂಟ ಹೋಗ್ತಿರ್ಲಿಲ್ಲ. ಅಣ್ಣ ಸುಮ್ನೆ ಕಂಬದಂಗೆ ಪಕ್ಕ ನಿಂತ್ಕೊಳೋರು, ಇವ್ಳು ತಿರುಗ್ಸೋಳು. ಎರಡು ವರ್ಷ!" ಅಂದ. ಎಲೆಯಡಿಕೆಯನ್ನು ಇನ್ನೊಂದು ದವಡೆಗೆ ಸರಿಸಿ, "ಹೊರಗೆ ಎಲ್ಲೂ ಹೇಳ್ಬೇಡಿ. ಹೋದೋರ ಮರ್ಯಾದೆ" ಎಂದು ಸೇರಿಸಿದ.

ಸಿದ್ದಣ್ಣ ತೀರಿಕೊಂಡ ಮೇಲೆ ಗಂಗಕ್ಕನಿಗೆ ಹೆಂಗಸರ ಟೇಬಲ್ಲಿನಲ್ಲಿ ಜಾಗ ಕೊಟ್ಟರು. ದಯೆಯಿಂದ ಕೊಟ್ಟೆ ಎಂದು ಓನರ್ ಬಂದವರಿಗೆಲ್ಲ ಹೇಳುತ್ತಿದ್ದರು. ಗಂಡನ ಹೆಸರಿನಲ್ಲಿ ಎರಡು ವರ್ಷ ಲೇತ್ ಓಡಿಸಿದ ಕೈಗಳು ಒಂದೇ ವಾರದಲ್ಲಿ ಏನೂ ಬಾರದ ಕೈಗಳಾದವು. ಕೆಲಸ ಹೆಂಗಸು ಮಾಡಬಹುದು, ಗಂಡಸೊಬ್ಬ ಪಕ್ಕದಲ್ಲಿ ನಿಂತಿದ್ದರೆ ಸಾಕು. ಆ ಗಂಡಸಿಗೆ ಕಣ್ಣು ಕೂಡ ಕಾಣಬೇಕಾಗಿಲ್ಲ.

ನನ್ನ ಹಾಳೆಯಲ್ಲಿ 'ಆಪರೇಟರ್' ಎಂದು ಒಂದು ಕಾಲಂ ಇತ್ತು. ಮೂರನೇ ನಂಬರಿನ ಮುಂದೆ ಏನು ಬರೆಯಲಿ ಎಂದು ಓನರನ್ನು ಕೇಳಿದೆ. "ರುದ್ರೇಶ್ ಅಂತ ಬರಿ. ಅದೆಲ್ಲ ಕಂಪನಿಯೋರಿಗೆ ಯಾಕೆ" ಅಂದರು. ಬರೆದೆ. ಮೊದಲ ದಿನ ಕೈ ಸ್ವಲ್ಪ ತಡೆಯಿತು. ಆಮೇಲೆ ತಡೆಯಲಿಲ್ಲ. ಶ್ರಾವಣ ಪೂರ್ತಿ ಮಳೆ ಹುಯ್ಯಿತು. ಟಾರ್ಪಾಲಿನ ಆಚೆ ಗಂಗಕ್ಕ ತಿರುಗಿಸಿದರು, ಈಚೆ ನಾನು ಅಳೆದೆ, ಸಂಜೆ ರುದ್ರೇಶ್ ಎಂದು ಬರೆದು ಸಹಿ ಹಾಕಿ ಹೇರೋಹಳ್ಳಿಯ ಬಸ್ಸು ಹಿಡಿದೆ.

ಗಣೇಶನ ಹಬ್ಬದ ಮುನ್ನಾದಿನ ಕಂಪನಿಯಿಂದ ಬುಷ್‌ಗಳನ್ನು ಹೊಗಳಿ ಕಾಗದ ಬಂತು. ಓನರ್ ಎಲ್ಲರನ್ನೂ ಸೇರಿಸಿ ರುದ್ರೇಶಣ್ಣನಿಗೆ ಶಾಲು ಹೊದಿಸಿದರು. ಅವನು ನಾಚಿಕೊಂಡಂತೆ ಮಾಡಿ, "ಎಲ್ಲಾ ಸಿದ್ದಣ್ಣ ಕಲ್ಸಿದ್ದು" ಅಂದ. ಚಪ್ಪಾಳೆ ಬಿತ್ತು. ಚಪ್ಪಾಳೆ ನಿಲ್ಲುವ ಮುಂಚೆಯೇ, "ಗಂಗಮ್ಮ, ಎಲ್ಲರಿಗೂ ಕಾಫಿ ತಗೊಂಬಾಮ್ಮ, ಇವತ್ತು ನಂದು" ಅಂದ. ಗಂಗಕ್ಕ ಫ್ಲಾಸ್ಕ್ ಹಿಡಿದು ಮಳೆಯಲ್ಲಿ ದರ್ಶಿನಿಗೆ ಹೋದರು.

ಹಬ್ಬ ಕಳೆದು ಬಂದ ದಿನ ಆಪರೇಟರ್ ಕಾಲಮಿನಲ್ಲಿ 'ಗಂಗಮ್ಮ' ಎಂದು ಬರೆದೆ. ಯಾರನ್ನೂ ಕೇಳಲಿಲ್ಲ, ಗಂಗಕ್ಕನನ್ನೂ. ನ್ಯಾಯ ಮಾಡುತ್ತಿದ್ದೇನೆ ಎಂದು ಎದೆ ಉಬ್ಬಿತ್ತು. ಹನ್ನೊಂದು ದಿನ ಹಾಗೇ ಬರೆದೆ. ಹಾಳೆಗಳನ್ನು ಯಾರೂ ಓದುತ್ತಿರಲಿಲ್ಲ, ಫೈಲಿಗೆ ಸೇರುತ್ತಿದ್ದವು.

ಹನ್ನೆರಡನೆಯ ದಿನ ಕಂಪನಿಯ ಹಿರಿಯ ಇನ್‌ಸ್ಪೆಕ್ಟರೊಬ್ಬರು ಹೇಳದೆ ಕೇಳದೆ ಬಂದರು. ತೆಳ್ಳಗಿನ, ನೆರೆತ ಕೂದಲಿನ ಮನುಷ್ಯ. ಗಾಡಿಯ ಸದ್ದಿಗೆ ಗಂಗಕ್ಕ ಆಗಲೇ ಟೇಬಲ್ಲಿಗೆ ಬಂದು ಕೂತಿದ್ದರು. ಬಂದ ಹಿರಿಯರು ಫೈಲ್ ತಿರುವಿ, "ನಂಜುಂಡಯ್ಯನವ್ರೇ, ಈ ಬುಷ್ ಮಾಡೋ ಗಂಗಮ್ಮ ಯಾರ್ರೀ? ಕರೀರಿ, ನೋಡ್ಬೇಕು" ಅಂದರು.

ಓನರ್ ಮುಖ ಬಿಳಿಚಿಕೊಂಡಿತು. ರುದ್ರೇಶಣ್ಣ ಒಂದು ಕ್ಷಣ ನನ್ನನ್ನು ನೋಡಿದ. ಆಮೇಲೆ ಗಂಗಕ್ಕನ ಕಡೆ ತಿರುಗಿ, ಕರುಣೆ ತುಂಬಿದ ದನಿಯಲ್ಲಿ, "ಬಾಮ್ಮ. ಸಾಹೇಬ್ರು ಕೇಳ್ತಾವ್ರೆ. ಯಾರು ಕಲ್ಸಿದ್ರು, ಯಾವಾಗ ಕಲ್ತೆ, ಸಿದ್ದಣ್ಣಂಗೆ ಏನಾಗಿತ್ತು, ಎಲ್ಲಾ ಬಿಡ್ಸಿ ಹೇಳು. ಹೇಳ್ತೀಯಾ?" ಅಂದ.

ಗಂಗಕ್ಕ ಎದ್ದು ನಿಂತರು. ಕೈಯಲ್ಲಿ ಅರ ಹಾಗೇ ಇತ್ತು. "ನಾನು ಬರ್ ತೆಗೆಯೋಳು ಸಾರ್. ಮೆಷಿನ್ ನಂಗೆ ಬರಲ್ಲ" ಅಂದರು.

"ಹುಡುಗಿ ಹೊಸಬಳು ಸಾರ್, ಕಾಲಂ ತಪ್ಪಿ ಬರ್ದುಬಿಟ್ಟವ್ಳೆ" ಎಂದು ಓನರ್ ನಕ್ಕರು. ಆ ಹಿರಿಯರು ನಗಲಿಲ್ಲ. ಒಂದು ಬುಷ್ ಎತ್ತಿ ಬೆಳಕಿಗೆ ಹಿಡಿದು ನೋಡಿ, ಇಟ್ಟು, ಹೋದರು.

ಗೇಟು ಮುಚ್ಚಿದ ಮೇಲೆ ಬೈಗುಳ ಶುರುವಾಯಿತು. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಹನ್ನೊಂದೂ ಹಾಳೆಗಳನ್ನು ಹರಿದು ಹೊಸದಾಗಿ ಬರೆ ಅಂದರು ಓನರ್. ಬರೆಯಲ್ಲ ಅಂದೆ. "ನಾಳೆಯಿಂದ ಬರೋದ್ ಬೇಡ ಅಂದ್ರೆ?" ಅಂದರು. ಡಿಗ್ರಿಯವಳು ಬೇಕಲ್ಲ, ಷರತ್ತಿತ್ತಲ್ಲ, ಕಳಿಸಲಿಲ್ಲ. ರುದ್ರೇಶಣ್ಣ ತಾನೇ ಕೂತು, ಗೀಚು ಅಕ್ಷರದಲ್ಲಿ ಹನ್ನೊಂದು ಹೊಸ ಹಾಳೆ ಬರೆದು ಫೈಲಿಗೆ ಸೇರಿಸಿದ. ಹಳೆಯವನ್ನು ನಾನು ಮಡಚಿ ಬ್ಯಾಗಿಗೆ ಹಾಕಿಕೊಂಡೆ.

ಸಂಜೆ ಮಳೆಯಲ್ಲಿ ಗಂಗಕ್ಕನ ಹಿಂದೆಯೇ ಓಡಿ ಹೋದೆ. ಮುಚ್ಚಿದ ಅಂಗಡಿಯೊಂದರ ಮುಂದೆ ಅವರನ್ನು ತಡೆದು ನಿಲ್ಲಿಸಿದೆ.

"ಯಾಕೆ ಸುಳ್ಳು ಹೇಳಿದ್ರಿ? ಒಂದು ಮಾತು, ಹೌದು ಅಂದಿದ್ರೆ ಸಾಕಾಗಿತ್ತು. ನಿಮಗೋಸ್ಕರ ನನ್ನ ಕೆಲ್ಸಾನೇ ಪಣಕ್ಕಿಟ್ಟಿದ್ದೆ."

"ನನ್ನ ಕೇಳಿ ಬರೆದ್ಯಾ?"

ನಾನು ಹಾಳೆಗಳಿದ್ದ ಬ್ಯಾಗನ್ನು ಎದೆಗೆ ಒತ್ತಿಕೊಂಡೆ.

"ಹೇಳವ್ವ. ದಿನಾ ಪಕ್ಕದಲ್ಲೇ ಕೂತು ಉಣ್ತಿದ್ದೆ. ಒಂದ್ ದಿನ ಆದ್ರೂ ಕೇಳಿದ್ಯಾ, ಗಂಗಕ್ಕ ಬರೀಲಾ ಅಂತ?" ಅವರ ದನಿ ಏರಲಿಲ್ಲ. "ಯಾರ್ಗೂ ಹೇಳ್ಬೇಡ ಕಣೇ ಅಂತ ಕೈ ಹಿಡ್ಕೊಂಡು ಹೇಳಿ ಸತ್ತ ಮನುಷ್ಯ ಅದು. ನಾಳೆ ಈ ಬೀದಿಯೋರೆಲ್ಲ ಸಿದ್ದ ಕುರುಡ, ಹೆಂಡ್ತಿ ದುಡಿಮೇಲಿ ಹೆಸ್ರು ಮಾಡ್ದ ಅಂತಾರೆ. ಆ ರುದ್ರೇಶ ಬಾಯಿ ಬಿಟ್ರೆ ಆಯ್ತು. ನೀನು ಓದಿದೋಳು. ನಿಂಗೆ ಬರೆಯೋದು ಅಂದ್ರೆ ಬರೀ ಬರೆಯೋದು."

"ಹಾಗಾದ್ರೆ ಸಾಯೋತನಕ ಬರ್ ತೆಗೀತಾ ಕೂತ್ಕೊಳ್ಳಿ" ಅಂದೆ.

ಆ ಮಾತನ್ನು ನಾನು ಆಡಿದ್ದು ನಿಜ. ಅವರು ನನ್ನನ್ನು ನೋಡಿದರು, ಸೆರಗನ್ನು ತಲೆಯ ಮೇಲೆಳೆದುಕೊಂಡು ನಡೆದುಬಿಟ್ಟರು. ಮಾರನೇ ದಿನದಿಂದ ಒಂದೇ ಟೇಬಲ್ಲಿನಲ್ಲಿ ಕೂತು ಇಬ್ಬರೂ ಮಾತಾಡಲಿಲ್ಲ. ಆರ್ಡರ್ ಮುಗಿದಿತ್ತು. ಟಾರ್ಪಾಲು ಬಿಚ್ಚಿದರು. ರುದ್ರೇಶಣ್ಣನ ಬಾಮೈದ ಮಂಜ ಮಾಗಡಿಯಿಂದ ಬರುತ್ತಾನೆ, ಮೂರನೆಯದು ಅವನಿಗೇ ಎಂದು ಮಾತಾಯಿತು.

ನಮ್ಮ ವರ್ಕ್‌ಶಾಪಿನ ಆಯುಧಪೂಜೆಗೆ ಅದರದೇ ಪದ್ಧತಿಯಿತ್ತು. ಪ್ರತಿ ಟರ್ನರ್ ತನ್ನ ಲೇತಿನ ಮುಂದೆ ಬೂದುಗುಂಬಳಕಾಯಿ ಒಡೆಯಬೇಕು. ಆಮೇಲೆ ಓನರ್ ಆ ಲೇತಿನ ಚಕ್ ಕೀ, ಅಂದರೆ ತಿರುಗುವ ಹಿಡಿತವನ್ನು ಬಿಗಿಯುವ ಆ ದಪ್ಪ ಕಬ್ಬಿಣದ ಕೀಲಿ, ಅದಕ್ಕೆ ಕುಂಕುಮ ಹಚ್ಚಿ ಅವನ ಕೈಗೆ ಕೊಡುತ್ತಾರೆ. ಕೀ ಯಾರ ಕೈಗೆ ಬಂತೋ ಮುಂದಿನ ದಸರೆಯವರೆಗೆ ಮೆಷಿನ್ ಅವರದು. ಇನ್ನೊಬ್ಬರು ಮುಟ್ಟುವಂತಿಲ್ಲ, ಓನರ್ ಕೂಡ. ಹೆಂಗಸರು ಹಿಂದಿನ ದಿನ ಏಳು ಲೇತುಗಳನ್ನೂ ಸೀಮೆಎಣ್ಣೆ ಹಾಕಿ ಉಜ್ಜಬೇಕು, ಬೆಳಿಗ್ಗೆ ರಂಗೋಲಿ ಹಾಕಿ ಚೆಂಡುಹೂವು ಪೋಣಿಸಬೇಕು, ಪೂಜೆಯ ಹೊತ್ತಿಗೆ ಹಿಂದಕ್ಕೆ ಸರಿದು ನಿಲ್ಲಬೇಕು. ಹೆಂಗಸರು ಕುಂಬಳಕಾಯಿ ಒಡೆಯಬಾರದು. ನಮ್ಮ ಮನೆಯಲ್ಲೂ ಹಾಗೇ, ಅಪ್ಪ ಊರಿನಲ್ಲಿ ಇಲ್ಲದಿದ್ದರೆ ಅಮ್ಮ ಪಕ್ಕದ ಮನೆಯ ಗಂಡಸನ್ನು ಕರೆಯುತ್ತಾಳೆ.

ಆ ದಿನ ಬಿಸಿಲಿತ್ತು. ನಾಲ್ಕು ತಿಂಗಳ ಮಳೆ ಅವತ್ತು ಬಿಡುವು ಕೊಟ್ಟಿತ್ತು. ಒಂದು, ಎರಡನೇ ಲೇತುಗಳ ಪೂಜೆಯಾಯಿತು. ಮೂರನೆಯದರ ಮೇಲೆ ಸಿದ್ದಣ್ಣನ ಫೋಟೊ ತಂದಿಟ್ಟರು. ರುದ್ರೇಶಣ್ಣ ಮುಂದೆ ಬಂದು ಕೈಮುಗಿದ.

"ಇಂಥ ಕೈ ಮತ್ತೆ ಹುಟ್ಟಲ್ಲ" ಅಂದ ಎಲ್ಲರಿಗೂ ಕೇಳುವಂತೆ. "ಕೊನೇ ಎರಡು ವರ್ಷ ಅಣ್ಣ ಮಾಡಿದ ಒಂದು ಪೀಸೂ ವಾಪಸ್ ಬರ್ಲಿಲ್ಲ. ಒಂದೂ! ಅಂಥೋರು ನಿಂತಿದ್ದ ಮೆಷಿನ್ನು. ಯಾರ್ ಯಾರೋ ಇದರ ಮೇಲೆ ಕಣ್ಣು ಹಾಕಿದ್ರು. ಡಿಗ್ರಿ ಇದ್ದೋರು ಕಾಗದದಲ್ಲಿ ಬರ್ಕೊಂಡೂ ಬಿಟ್ರು. ಬರ್ ತೆಗೆಯೋ ಕೈಗೆ ಇದನ್ನ ಕೊಟ್ರೆ ಅಣ್ಣನ ಆತ್ಮ ಸುಮ್ನಿರುತ್ತಾ?" ಗಂಡಸರು ನಕ್ಕರು. "ಬಾರೋ ಮಂಜ."

"ಆ ಎರಡು ವರ್ಷ ಅವ್ರಿಗೆ ಕಣ್ಣು ಕಾಣ್ತಿರ್ಲಿಲ್ಲ."

ಗಂಗಕ್ಕನ ಮಾತು ಹಿಂದಿನಿಂದ ಬಂತು. ಅವರು ರಂಗೋಲಿಯನ್ನು ತುಳಿಯದೆ ಸುತ್ತುಹಾಕಿಕೊಂಡು ಮುಂದೆ ಬಂದು ಫೋಟೊದ ಪಕ್ಕ ನಿಂತರು.

"ಎರಡೂ ಕಣ್ಣು. ನಿನ್ನ ಮುಖ ಕೂಡ ಕಾಣ್ತಿರ್ಲಿಲ್ಲ ಅವ್ರಿಗೆ, ಎಲೆಯಡಿಕೆ ವಾಸನೇಲಿ ಗುರುತು ಹಿಡಿಯೋರು. ವಾಪಸ್ ಬರ್ದೇ ಇದ್ದ ಆ ಪೀಸು ಅಷ್ಟೂ ನಾನು ತಿರುಗ್ಸಿದ್ದು. ಈಗ ಎಲ್ಲರ ಮುಂದೆ ನಾನೇ ಹೇಳ್ದೆ." ಅವರು ರುದ್ರೇಶಣ್ಣನನ್ನು ದಿಟ್ಟಿಸಿದರು. "ಇನ್ನು ನನ್ನ ಹೆದರ್ಸೋಕೆ ನಿನ್ಹತ್ರ ಏನೈತೋ ರುದ್ರೇಶ?"

ಅವನು ಅಗಿಯುವುದನ್ನು ನಿಲ್ಲಿಸಿದ.

"ಹಬ್ಬದ ದಿವ್ಸ ಇದೆಲ್ಲ ಯಾಕಮ್ಮ" ಅಂದರು ಓನರ್.

"ಕೀ ನನಗೆ ಕೊಡಿ."

"ತಮಾಷೆ ಮಾಡ್ಬೇಡ. ಹೆಂಗಸರು ಕುಂಬಳಕಾಯಿ ಒಡಿಯೋದುಂಟಾ? ಅಪಶಕುನ."

"ಕುಂಬಳಕಾಯಿ ಅವನೇ ಒಡೀಲಿ. ಕೀ ನನಗೆ ಕೊಡಿ."

ಓನರ್ ಕೈಯಲ್ಲಿ ಕುಂಕುಮ ಹಚ್ಚಿದ ಕೀ ಇತ್ತು. ಅವರು ಒಮ್ಮೆ ಗಂಗಕ್ಕನನ್ನು, ಒಮ್ಮೆ ಆ ಏಳು ಗಂಡಸರನ್ನು ನೋಡಿದರು. ಗಂಗಕ್ಕ ಮಾಡುವ ಪೀಸು ಎಂಥದ್ದೆಂದು ಅವರಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಮಂಜನಿಗೆ ಕೆಲಸ ಎಷ್ಟು ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ವ್ಯಾಪಾರದವನು ಲಾಭ ನೋಡುತ್ತಾನೆ ಅನ್ನುತ್ತಾರೆ. ಸುಳ್ಳು. ನಂಜುಂಡಯ್ಯನವರು ಕೀಯನ್ನು ಮಂಜನ ಕೈಗಿಟ್ಟರು. ಕುಂಬಳಕಾಯಿ ಒಡೆಯಿತು. ಯಾರೋ "ಜೈ" ಅಂದರು, ಯಾರೂ ದನಿಗೂಡಿಸಲಿಲ್ಲ.

ಗಂಗಕ್ಕ ಲೇತಿನ ಮೇಲಿದ್ದ ಫೋಟೊವನ್ನು ಎತ್ತಿಕೊಂಡು, ಹಾರ ತೆಗೆದು ಲೇತಿನ ಮೇಲೇ ಬಿಟ್ಟು, ಬಾಗಿಲು ದಾಟಿ ಹೋದರು. ಕಡ್ಲೆಪುರಿಯ ಪೊಟ್ಟಣ ತೆಗೆದುಕೊಳ್ಳಲಿಲ್ಲ. ನಾನು ಅವರ ಹಿಂದೆ ಹೋಗಲಿಲ್ಲ. ನಾಲ್ಕು, ಐದು, ಆರು, ಏಳನೇ ಲೇತುಗಳ ಪೂಜೆ ಮುಗಿಯುವವರೆಗೂ ನಿಂತಿದ್ದೆ. ಪೊಟ್ಟಣ ತೆಗೆದುಕೊಂಡೆ. ಅಪ್ಪನ ಬೆನ್ನು ಆಗಲೇ ಕಲ್ಲು ಹೊರುವುದನ್ನು ಬಿಟ್ಟಿತ್ತು, ನನ್ನ ಸಂಬಳ ಮನೆಗೆ ಬೇಕಿತ್ತು. ಇದು ಕಾರಣ, ನಿಜವಾದ ಕಾರಣ. ಆದರೂ ಕಡ್ಲೆಪುರಿ ತೆಗೆದುಕೊಳ್ಳದೆ ಬರಬಹುದಿತ್ತು.

ಗಂಗಕ್ಕನಿಗೆ ಆಮೇಲೆ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೆಷಿನ್ ಮೇಲೆಯೇ ಕೆಲಸ ಸಿಕ್ಕಿತು. ನನ್ನ ಹಾಳೆಗಳಿಂದ ಸಿಕ್ಕಿತೋ ಅವರ ಕೈಯಿಂದಲೋ ಗೊತ್ತಿಲ್ಲ. ಕೈಯಿಂದಲೇ ಎಂದು ನಾನು ತಿಳಿದಿದ್ದೇನೆ. ಹಾಳೆಗಳ ಮಾತು ಬಂದದ್ದು ಹೀಗೆ. ವಿಜಯದಶಮಿ ಕಳೆದ ಭಾನುವಾರ, ಅಲ್ಲಿ ಹೆಂಗಸರನ್ನೇ ಮೆಷಿನ್ನಿಗೆ ತೆಗೆದುಕೊಳ್ಳುತ್ತಾರೆ, ಹಿಂದೆ ಮಾಡಿದ ಕೆಲಸಕ್ಕೆ ಬರೆದದ್ದು ಏನಾದರೂ ಕೇಳುತ್ತಾರೆ ಎಂದು ಟೇಬಲ್ಲಿನ ಇನ್ನೊಬ್ಬ ಹೆಂಗಸಿನಿಂದ ತಿಳಿದು, ಹನ್ನೊಂದು ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಕಾಮಾಕ್ಷಿಪಾಳ್ಯದ ಅವರ ಮನೆ ಹುಡುಕಿಕೊಂಡು ಹೋದೆ. ಈ ಸಲ ಮೊದಲೇ ಕೇಳಿದೆ, "ಕೊಡಲಾ ಗಂಗಕ್ಕ?" ಎಂದು. ಹೊಸ್ತಿಲಲ್ಲೇ ನಿಂತು ಕೈ ಚಾಚಿದರು. ಒಳಗೆ ಕರೆಯಲಿಲ್ಲ.

ಒಂದೊಂದೇ ಹಾಳೆಯನ್ನು ತಿರುವಿದರು. ತಮ್ಮ ಹೆಸರಿದ್ದ ಕಡೆ ಬೆರಳಿಟ್ಟು ನೋಡಿದರು.

"ಹನ್ನೊಂದೇ ಐತೆ."

"ಹೌದು ಗಂಗಕ್ಕ."

"ನಾನು ನಿಂತಿದ್ದು ನಲವತ್ತು ದಿನ ಕಣವ್ವ."

ಪಕ್ಕದ ಮನೆಯ ಕುಕ್ಕರ್ ಕೂಗಿತು. ನಾನು ಚಪ್ಪಲಿಯ ತುದಿಯನ್ನು ನೋಡುತ್ತಿದ್ದೆ.

"ಮಿಕ್ಕಿದ್ದೆಲ್ಲ ಯಾರ ಹೆಸ್ರಲ್ಲಿ ಐತೆ?"

"ರುದ್ರೇಶಣ್ಣನ ಹೆಸ್ರಲ್ಲಿ."

"ಬರೆದೋರು ಯಾರು?"

ಅವರಿಗೆ ಗೊತ್ತಿತ್ತು. ಆದರೂ ನಾನು ಬಾಯಿ ಬಿಟ್ಟು ಹೇಳುವವರೆಗೆ ಬಾಗಿಲು ಹಿಡಿದು ನನ್ನ ಮುಖವನ್ನೇ ನೋಡುತ್ತಾ ನಿಂತರು.

"ನಾನೇ" ಅಂದೆ.